ಜಲಪಾತದ ಬಾವ

ಇದನ್ನು ಹೇಳಲು ನನಗಿಂತ ತಿಳಿದವರು ಆ ಬಸ್ಸಿನಲ್ಲಿದ್ದರು. ಅವರಾರೂ ಹೇಳಲಿಲ್ಲವೆಂದು ನಾನು ಹೇಳುತ್ತಿದ್ದೇನೆ. ಹೆಚ್ಚುಕಡಿಮೆಯಾದರೆ ಕ್ಷಮಿಸಬೇಕು.

ಮಲಾವಿಯ ಮ್ಜಿಂಬಾದಿಂದ ಹೊರಟು, ಗಡಿ ದಾಟಿ, ಜಾಂಬಿಯಾದ ಉದ್ದಕ್ಕೂ ಎರಡು ದಿನ ಕುಲುಕಾಡಿದ ಶಾಲೆಯ ಬಸ್ಸು ಕೊನೆಗೂ ವಿಕ್ಟೋರಿಯಾ ಜಲಪಾತದ ಬಾಗಿಲಲ್ಲಿ ನಿಂತಿತು. ಮಕ್ಕಳು ಹೋ ಎಂದು ಇಳಿದು, ಕಣಿವೆಯ ಅಂಚಿನ ಕಂಬಿಯವರೆಗೂ ಓಡಿ, ಅಲ್ಲಿ ಗಕ್ಕನೆ ನಿಂತರು. ಎದುರಿಗೆ ಕಪ್ಪು ಬಂಡೆಯ ಗೋಡೆ. ಬರೀ ಬಂಡೆ. ಅದರ ಸಂದುಗಳಲ್ಲಿ ಹುಲ್ಲು ಒಣಗಿ ನಿಂತಿತ್ತು.

"ಸಾರ್, ಜಲಪಾತ ಎಲ್ಲಿ?" ಎಂದಳು ತರಗತಿಯ ನಾಯಕಿ ತವೊಂಗಾ.

ಭೂಗೋಳದ ಗೌಸಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಇದೇ ಕಣಮ್ಮ."

"ನಮ್ಮೂರ ಕಲ್ಲುಗಣಿ ಇದ್ದಹಾಗಿದೆ."

"ಇದಕ್ಕಾ ಸಾರ್ ನನ್ನ ಕಾಲು ಈ ಪರಿ ಊದಿಕೊಂಡಿದ್ದು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಈ ಜಲಪಾತಕ್ಕೆ ಅಲ್ಲಿಯವರು ಇಟ್ಟ ಹೆಸರು 'ಗುಡುಗುವ ಹೊಗೆ' ಎಂದು ಮೇಜು ಗುದ್ದಿ ಗುದ್ದಿ ಪಾಠ ಮಾಡಿ, ಈ ಪ್ರವಾಸದ ಆಸೆ ಹಚ್ಚಿದವರು ಮೇಷ್ಟ್ರೇ. "ನೀರು ನೋಡೋಕೆ ಪರದೇಶ ಯಾಕ್ರೀ, ನಮ್ಮ ಸರೋವರಕ್ಕೇನು ಬರ ಬಂದಿದೆಯಾ?" ಎಂದ ಮುಖ್ಯೋಪಾಧ್ಯಾಯಿನಿಯೊಡನೆ ವಾದಿಸಿ ಗೆದ್ದವರೂ ಅವರೇ. ಅಕ್ಟೋಬರಿನಲ್ಲಿ ಜಾಂಬೆಜಿ ನದಿ ಸೊರಗುತ್ತದೆ, ಜಾಂಬಿಯಾದ ಕಡೆಯ ಧಾರೆಗಳು ಒಣಗುತ್ತವೆ. ಇದನ್ನು ಕಪ್ಪುಹಲಗೆಯ ಮೇಲೆ ತಾವೇ ಬರೆದಿದ್ದರು. ಆದರೆ ತರಗತಿಯ ಗೋಡೆಯ ಚಿತ್ರದಲ್ಲಿ ವರ್ಷವಿಡೀ ನೀರು ಧುಮುಕುತ್ತಿತ್ತು, ಮೇಷ್ಟ್ರು ಆ ಚಿತ್ರವನ್ನು ನಂಬಿದ್ದರು. ಇನ್ನು ತಾವು ಭೂಪಟದ ಮೇಲೆ ಬೆರಳಿಟ್ಟು ಏನು ಹೇಳಿದರೂ ಈ ಮಕ್ಕಳು ನಂಬಿಯಾರೇ?

ಅಷ್ಟರಲ್ಲಿ ಖಾಕಿ ತೊಟ್ಟ ಕಾವಲುಗಾರನೊಬ್ಬ ಹತ್ತಿರ ಬಂದ.

"ಯಾವೂರು?"

"ಮಲಾವಿ. ಮ್ಜಿಂಬಾ."

"ತಮ್ಮ ಹೆಸರು?"

"ಗೌಸಿ."

ಕಾವಲುಗಾರ ಮೇಷ್ಟ್ರ ಮುಖ ನೋಡಿದ, ಮಕ್ಕಳ ಮುಖ ನೋಡಿದ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತ. "ಅಂಗೋನಿ ಅನ್ನು ಹಾಗಾದ್ರೆ. ನಾನು ಬೆಂಬಾ ಕಣಯ್ಯ. ಬೆಳಿಗ್ಗೆಯಿಂದ ಯೋಚನೆ ಮಾಡ್ತಾ ಇದ್ದೆ, ಇಷ್ಟೊಂದು ನೀರು ಎಲ್ಲಿ ಹೋಯ್ತು ಅಂತ. ಇಲಿ ತಿನ್ನೋರು ಬಸ್ ತುಂಬ್ಕೊಂಡು ಬರ್ತಿದಾರೆ ಅಂತ ಸುದ್ದಿ ಕೇಳಿ ಓಡಿಹೋಗಿದೆ."

ಮಕ್ಕಳ ಕಿವಿ ನಿಮಿರಿತು. ಅಂಗೋನಿ, ಬೆಂಬಾ ಎಂಬ ಎರಡು ಬುಡಕಟ್ಟಿನವರು ಮುತ್ತಜ್ಜಂದಿರ ಕಾಲದಲ್ಲಿ ಕಾದಾಡಿ, ದಣಿದು, ಬಾವಮೈದುನರಾದವರು. ಅವರು ಎಲ್ಲಿ ಎದುರಾದರೂ ಒಬ್ಬರನ್ನೊಬ್ಬರು ಬಾಯಿತುಂಬ ಬೈಯಬಹುದು. ಕೋಪ ಮಾಡಿಕೊಳ್ಳುವಂತಿಲ್ಲ. ಸಹಾಯ ಕೇಳಿದರೆ ಇಲ್ಲವೆನ್ನುವಂತೆಯೂ ಇಲ್ಲ.

ಮೇಷ್ಟ್ರ ಬೆನ್ನು ಮೆಲ್ಲಗೆ ನೆಟ್ಟಗಾಯಿತು. ದಾರಿಯ ಪಕ್ಕದಲ್ಲಿ ಹಿಂಡುಗಟ್ಟಿ ಕೂತಿದ್ದ ಕೋತಿಗಳತ್ತ ಕೈ ತೋರಿಸಿದರು. "ಅದಿರಲಿ ಬಾವ. ಇಷ್ಟೊಂದು ಕೋತಿ ಇಲ್ಲಿ ಇನ್ನೂ ಜೀವಂತ ಇವೆಯಲ್ಲ, ನಿಮ್ಮ ಬೆಂಬಾಗಳಿಗೆಲ್ಲ ಹಲ್ಲು ಬಿದ್ದುಹೋದವಾ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ತವೊಂಗಾ ಕಂಬಿ ಹಿಡಿದುಕೊಂಡು ನಕ್ಕಳು. ಕಾವಲುಗಾರನೂ ತೊಡೆ ತಟ್ಟಿಕೊಂಡು ನಕ್ಕ.

"ಸೋತೆ ಮಾರಾಯ. ಬನ್ನಿ ಎಲ್ಲರೂ. ಬಾವನ್ನ ಬರಿಗೈಲಿ ಕಳಿಸಿದ್ರೆ ರಾತ್ರಿ ಮುದ್ದೆ ಗಂಟಲಲ್ಲಿ ಇಳಿಯಲ್ಲ. ಕೈ ಕೈ ಹಿಡ್ಕೊಳ್ಳಿ. ನಾನು ಕಾಲಿಟ್ಟ ಕಡೆ ಮಾತ್ರ ಕಾಲಿಡಬೇಕು."

ಅವನು ಅವರನ್ನು ಒಣಗಿದ ನದಿಯ ಪಾತ್ರಕ್ಕೇ ಇಳಿಸಿದ. "ಇಲ್ಲಿ ಮಳೆಗಾಲದಲ್ಲಿ ಆನೆ ಕಾಲಿಟ್ಟರೂ ಉಳಿಯಲ್ಲ. ನೀರಿದ್ದಾಗ ಬಂದೋರು ಆಚೆಯಿಂದ ನೋಡಿ, ಒದ್ದೆಯಾಗಿ ಹೋಗ್ತಾರೆ. ಜಲಪಾತದ ನೆತ್ತಿ ಮೇಲೆ ನಡೆಯೋದು ನಿಮ್ಮಂಥ ತಡವಾಗಿ ಬಂದೋರಿಗೇ ಸಿಗೋದು."

ಬಂಡೆಯ ಮೈಮೇಲೆಲ್ಲ ಒರಳಿನಂಥ ದುಂಡು ಗುಳಿಗಳು. ಮೇಷ್ಟ್ರು ಮಂಡಿಯೂರಿ ಒಂದರೊಳಗೆ ತೋಳು ಇಳಿಬಿಟ್ಟು, ತಳದಿಂದ ನುಣುಪಾದ ಕಲ್ಲೊಂದನ್ನು ತೆಗೆದರು. "ಇದನ್ನ ಯಾರು ಕೊರೆದಿದ್ದು ಗೊತ್ತಾ? ಈ ಪುಟ್ಟ ಕಲ್ಲು. ನೀರು ಇದನ್ನ ಗರಗರ ತಿರುಗಿಸಿ ತಿರುಗಿಸಿ ಅರೆದಿದೆ." ಅವರ ತರಗತಿಯ ದನಿ ಮರಳಿ ಬಂದಿತ್ತು. ಪ್ರತಿಯೊಬ್ಬರೂ ಒಂದೊಂದು ಗುಳಿ ಹುಡುಕಿ ಭುಜದವರೆಗೂ ತೋಳು ಇಳಿಸಿದರು.

ತವೊಂಗಾ ಬಂಡೆಯ ಮೇಲೆ ಅಂಗೈ ಒತ್ತಿ ಹಾಗೇ ಉಳಿದಳು. ದೂರದಲ್ಲಿ, ಜಿಂಬಾಬ್ವೆಯ ಕಡೆ, ಉಳಿದ ನೀರೆಲ್ಲ ಒಂದೆಡೆ ಧುಮುಕುತ್ತಿತ್ತು.

"ಸಾರ್, ಕಲ್ಲು ನಡುಗ್ತಿದೆ. ನೀವು ಮೇಜು ಗುದ್ದಿದಾಗ ಹೀಗೇ ಆಗ್ತಿತ್ತು."

ಮೇಷ್ಟ್ರು ತಮ್ಮ ಅಂಗೈಯನ್ನೂ ಇಟ್ಟು ನೋಡಿದರು.

ಸಂಜೆ ಬಸ್ಸು ಹೊರಡುವಾಗ ಕಾವಲುಗಾರ ಕಾಣಲಿಲ್ಲ. ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ, ಬಾಗಿಲ ಬಳಿ ಕೂತಿದ್ದ ಹೆಂಗಸಿಗೆ ಹೇಳಿದರು: "ನಿಮ್ಮ ಬೆಂಬಾ ಕಾವಲುಗಾರರಿಗೆ, ಅಂಗೋನಿ ಬಾವ ಕೇಳಿದ ಅಂತ ಹೇಳಿಬಿಡಿ ಅಮ್ಮ."

"ಬೆಂಬಾನಾ? ಬೆಳಿಗ್ಗೆ ನಿಮ್ಮನ್ನ ಕರ್ಕೊಂಡು ಹೋದನಲ್ಲ, ಅವನಾ? ಅವನು ಲೋಜಿ ಕಣಣ್ಣ. ಬೆಂಬಾ ಮಾತು ಒಂದೂ ಬರಲ್ಲ ಅವನಿಗೆ."

ಲೋಜಿಗಳಿಗೂ ಅಂಗೋನಿಗಳಿಗೂ ಅಂಥ ಯಾವ ನಂಟೂ ಇಲ್ಲ. ಬಸ್ಸು ಟಾರು ರಸ್ತೆಗೆ ಹತ್ತಿತು.

"ಹಾಗಾದ್ರೆ ಸಾರ್," ಎಂದಳು ತವೊಂಗಾ, "ನೀವು ಕೋತಿ ಮಾತು ಎತ್ತಿದಾಗ ಅವರಿಗೆ ಕೋಪ ಬರಬೇಕಿತ್ತಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ತಾನು ಬೆಂಬಾ ಎಂದು ಅವನು ಯಾಕೆ ಹೇಳಿದನೋ ಅವರಿಗೂ ಗೊತ್ತಾಗಲಿಲ್ಲ, ನನಗೂ ಇವತ್ತಿನವರೆಗೆ ಗೊತ್ತಿಲ್ಲ.