ಮಂಚದ ಕೆಳಗಿನ ಚೀಲ

"ತಮ್ಮನ ಮಾನ ಹಿಂಗ ಮಂದಿ ಮುಂದ ತೂಗಹಾಕ್ತಾರೇನು?" ಎಂದು ಗದರುತ್ತ ಶಾಲುಬಾಯಿಯ ಭಾವ ನರಸಿಂಗ, ಮಂಚದ ಕೆಳಗಿದ್ದ ಮೂತ್ರದ ಚೀಲವನ್ನು ಎತ್ತಿ ಕಾಶೀರಾಮನ ಹೊಟ್ಟೆಯ ಮೇಲಿಟ್ಟು ದುಪ್ಪಟಿ ಹೊದಿಸಿದ. ಪುಣೆಯಲ್ಲಿ ಕಟ್ಟಡದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡು ತಮ್ಮೂರು ಔರಾದಿಗೆ ಮರಳಿದ ತಮ್ಮನನ್ನು ಅವನು ನೋಡಲು ಬಂದದ್ದು ಇದೇ ಮೊದಲು.

ಕ್ಯಾಥೆಟರಿನ ನಳಿಗೆಯಲ್ಲಿ ಮೂತ್ರ ಹಿಂದಕ್ಕೆ ಹರಿಯುವುದು ಶಾಲುಬಾಯಿಗೆ ಕಂಡಿತು. ಹೋದ ಸಲ ಹೀಗೆಯೇ ಆಗಿ, ಗಂಡ ಕಾಶೀರಾಮ ಚಳಿಜ್ವರದಲ್ಲಿ ಅವಳ ಗುರುತನ್ನೇ ಮರೆತಿದ್ದ. ಮದುವೆಯಾದಂದಿನಿಂದ ಭಾವನೆದುರು ಅವಳು ಬಾಯಿ ಬಿಟ್ಟವಳಲ್ಲ.

"ಕೆಳಗ ಇಳಸ್ರಿ ಭಾವಾರ! ಹೊಲಸ ಹೊಳ್ಳಿ ಒಳಗ ಹೋದ್ರ ಜೀವಾನೇ ಹೋಗ್ತದ."

"ನೀ ನನಗ ಹೇಳ್ತಿ?"

"ಹೇಳ್ತೇನ್ರಿ. ಇನ್ನ ಮ್ಯಾಲ ಕೈ ತೊಳಕೊಳ್ದ ಮುಟ್ಟಬ್ಯಾಡ್ರಿ."

ನರಸಿಂಗ ಚೀಲ ಇಳಿಸಿದ. ಬರದ ಊರಿಗೆ ಇನ್ನೂ ಟ್ಯಾಂಕರ್ ಬಂದಿರಲಿಲ್ಲ. ಕುಡಿಯಲು ಉಳಿದಿದ್ದ ಒಂದೇ ತಂಬಿಗೆ ನೀರನ್ನು ಅವಳು ಅವನ ಕೈ ತೊಳೆಸಲು ಎತ್ತಿಕೊಂಡಾಗ, ಅವನು ಎರಡೂ ಕೈ ಚಾಚಿದ.