ಬೆವರುವ ದೋಣಿ

ಗಾಳಿಯೇ ಹುಳಿಯಾದ ಮೇಲೆ ಬರಿಯ ಕಬ್ಬಿಣ ಒಂದು ತಿಂಗಳೂ ಬಾಳುತ್ತಿರಲಿಲ್ಲ. ಹಾಗಾಗಿ ಮಲ್ಪೆಯ ದೋಣಿಗಳಿಗೆಲ್ಲ ಬೆವರುವ ಬಣ್ಣ. ಮೇಲೆ ಗೀರು ಬಿದ್ದರೂ ಸರಿ, ಒಳಗೆ ತುಕ್ಕು ಹಿಡಿದರೂ ಸರಿ, ಆ ಜಾಗದಲ್ಲಿ ನೀಲಿ ಬೆವರು ಜಿನುಗಿ ಕಬ್ಬಿಣವನ್ನು ಕಾಯುತ್ತಿತ್ತು. ದೋಣಿ ಕೊಳ್ಳುವವರು ಮರುವಾಯಿ ಚಿಪ್ಪಿನಿಂದ ಒಮ್ಮೆ ಗೀರಿ ನೋಡುವುದು ಅಲ್ಲಿನ ವಾಡಿಕೆ.

ಮಗಳಿಗಾಗಿ ದೋಣಿ ನೋಡಲು ಬಂದ ವಾರಿಜಕ್ಕ, ದಡಕ್ಕೆಳೆದಿದ್ದ ದೋಣಿಯ ಮೇಲೆ ಚಿಪ್ಪು ಎಳೆದಳು. ನೀಲಿ ಹನಿ ಥಟ್ಟನೆ ಮೂಡಿತು.

“ನೋಡಿದ್ರಲ್ಲ, ಒಳ್ಳೆ ಬಣ್ಣ,” ಎಂದ ದೋಣಿ ಮಾರುತ್ತಿದ್ದ ಶೀನ ಕುಂದರ್. ಅವಳು ಬಂದಾಗಿನಿಂದ ಅವನು ಹಳೆ ಬಟ್ಟೆಯಲ್ಲಿ ದೋಣಿ ಒರೆಸುತ್ತಲೇ ಇದ್ದ. ಮಾರಿಬಿಡುವ ದೋಣಿಗೆ ಇಷ್ಟು ಮುದ್ದು ಮಾಡುವವರನ್ನು ವಾರಿಜಕ್ಕ ಕಂಡಿರಲಿಲ್ಲ.

“ಶೀನಣ್ಣ, ಆ ಬಟ್ಟೆ ಇಲ್ಲಿ ಕೊಡಿ. ಚಾ ಕುಡಿದು ಬರುವ.”

“ಈಗ ಎಂತಕ್ಕೆ ಚಾ? ಬಿಸಿಲು ಏರ್ತಾ ಉಂಟು.”

ಅವಳು ಬಿಡಲಿಲ್ಲ. ನಿಧಾನವಾಗಿ ಕುಡಿದಳು. ಅವನ ಲೋಟದ ಚಾ ಹಾಗೇ ಆರಿತು.

ಮರಳಿ ಬಂದಾಗ ಅವಳ ಗೀರು ಮುಚ್ಚಿಹೋಗಿತ್ತು. ದೋಣಿಯ ಯಾರೂ ಗೀರದ ಅಡಿಭಾಗ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ನೀಲಿಯಾಗಿ ಬೆವರುತ್ತಿತ್ತು.

ವಾರಿಜಕ್ಕ ಬಟ್ಟೆಯನ್ನು ಅವನ ಕೈಗಿಟ್ಟಳು.

“ದೋಣಿ ಇರ್ಲಿ. ಮೊದಲು ನಿಮ್ಮ ಮುಖ ಒರೆಸಿಕೊಳ್ಳಿ.”