ನೀಲಿಯ ಹಣೆ

ಒದ್ದೆ ವಿಭೂತಿಯ ವಾಸನೆ ಬಂದರೆ ಇಂದಿಗೂ ನನ್ನ ಕೈ ತಾನಾಗಿ ಹಣೆಗೆ ಹೋಗುತ್ತದೆ.

ನಾರಾಯಣಪುರದ ಮನೆಯಲ್ಲಿ ನಾವು ಶಾಲೆಗೆ ಹೊರಡುವ ಮುನ್ನ ಅಪ್ಪನ ತಾಯಿ, ನಮ್ಮ ಆಯಿ, ಇಬ್ಬರಿಗೂ ವಿಭೂತಿ ಹಚ್ಚುತ್ತಿದ್ದಳು. ತಂಗಿ ನೀಲಿ ಮಾತ್ರ ಕೆಂಡ ತಾಗಿದಂತೆ ಚೀರಿ, ಚರ್ಮ ಕೆಂಪಾಗುವ ತನಕ ತಿಕ್ಕಿ ಒರೆಸಿಕೊಳ್ಳುತ್ತಿದ್ದಳು. ಅಂಗಿಯ ಹೊಲಿಗೆಯೂ ಅವಳಿಗೆ ಚುಚ್ಚುತ್ತಿತ್ತು. ಎರಡನೆಯ ಇಯತ್ತೆಗೆ ಬಂದರೂ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಹಿಡಿದ ಬಳಪ ಬೆರಳಲ್ಲೇ ಮುರಿಯುತ್ತಿತ್ತು.

"ಶಿವನ ಗುರುತು ಅಳಸ್ತಾಳ ನೋಡು, ಎಂಥಾ ಸೊಕ್ಕು!" ಎಂದು ಆಯಿ ಮತ್ತೆ ಹಚ್ಚುತ್ತಿದ್ದಳು.

"ಸೊಕ್ಕಲ್ರಿ ಅತ್ತಿ. ಅಕಿಗಿ ಸೇರಂಗಿಲ್ರಿ, ಬಿಡ್ರಿ," ಎಂದು ಅವ್ವ ಬೇಡಿಕೊಳ್ಳುತ್ತಿದ್ದಳು.

ಆ ವರ್ಷ ನೀಲಿಗೆ ಜ್ವರ ಬಂತು. ಬಸವಕಲ್ಯಾಣದ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಮಧ್ಯಾಹ್ನ, ತೀರಿಹೋದವರನ್ನು ಕೂರಿಸುವ ನಮ್ಮ ವಾಡಿಕೆಯಂತೆ, ಅವಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಅಂಗಿಯ ಗುಂಡಿಗಳನ್ನು ಎಂದಿನಂತೆ ಅವ್ವನೇ ಹಾಕಿದ್ದಳು. ಮಠದ ಅಯ್ಯನವರು ವಿಭೂತಿ ನೆನೆಸಿ ಹಣೆ ತುಂಬ ದಪ್ಪಗೆ ಬಳಿದರು. ನೀಲಿ ಸುಮ್ಮನೆ ಕೂತಿದ್ದಳು.

ಅವ್ವ ಎದ್ದು ಹೋಗಿ, ಸೆರಗಿನಿಂದ ಆ ಹಣೆಯನ್ನು ಮೆಲ್ಲಗೆ ಒರೆಸತೊಡಗಿದಳು. "ಏನ್ ಮಾಡಾಕತ್ತೀಯವ್ವಾ, ಒರಸಬಾರ್ದು!" ಎಂದು ಹೆಂಗಸರು ಅವಳ ಕೈ ಹಿಡಿದರು.

ಮೂಲೆಯಲ್ಲಿದ್ದ ಆಯಿ ಬಂದು ಆ ಕೈಗಳನ್ನೆಲ್ಲ ಬಿಡಿಸಿದಳು.

"ಒರಸ್ಲಿ ಬಿಡ್ರಿ," ಅಂದಳು. "ಅಕಿಗಿ ಸೇರಂಗಿಲ್ಲ."